ಎಳೆಯರ ಓದೂ ಕಿರುಗುಂಪಿನ ಪಾಠವೂ

(ಶ್ರೀಮಠದ ಮಹೋತ್ಸವದ ಅಂಗವಾಗಿ ನೆರೆದಿದ್ದ ಸದ್ಭಕ್ತರ ಸಭೆಯಲ್ಲಿ ಮಾಡಿದ ಉಪನ್ಯಾಸ)

 

ಶಿವಮೊಗ್ಗ ಭದ್ರಾವತಿಗಳ ಭಕ್ತರು ಮಠಕ್ಕೆ ಬಂದು ಪಾದಕ್ಕೆರಗಿ ಹೇಳಿಕೊಳ್ಳುವ ಸಂಕಟಗಳು ಹಲವು. ಮಳೆ, ಬೆಳೆ, ಮದುವೆ, ವ್ಯಾಜ್ಯ, ರೋಗರುಜಿನಗಳ ಮಾತು ಮುಗಿದ ಮೇಲೆ ತಗ್ಗಿದ ದನಿಯಲ್ಲಿ ಬರುವ ಮಾತೊಂದುಂಟು: “ಬುದ್ಧೀ, ಹುಡುಗನಿಗೆ ವಿದ್ಯೆ ಹತ್ತಲಿಲ್ಲ.” ಹುಡುಗನು ಪಕ್ಕದಲ್ಲಿಯೇ ನಿಂತಿರುತ್ತಾನೆ. ವಯಸ್ಸು ಎಂಟೋ ಒಂಬತ್ತೋ ಆಗಿರುತ್ತದೆ. ಹೆತ್ತವರು ಅವನ ಎದುರಿಗೇ ತೀರ್ಪನ್ನು ಹೇಳಿ ವಿಭೂತಿಯನ್ನು ಬೇಡುತ್ತಾರೆ. ಎಂಟು ವರ್ಷದ ಮಗುವಿನ ಮೇಲೆ ಇಂಥ ತೀರ್ಪನ್ನು ಕೊಡಲಾಗದೆಂಬುದೂ, ಕೊಟ್ಟರೆ ಬಹುಮಟ್ಟಿಗೆ ಅದು ತಪ್ಪಾಗುವುದೆಂಬುದೂ, ಆ ಮಗುವನ್ನು ನಾಲ್ಕೈದು ಮಂದಿ ಸರಿಜೋಡಿಗಳೊಡನೆ ಕುಳ್ಳಿರಿಸಿ ಅದರ ಓದನ್ನು ಕಿವಿಗೊಟ್ಟು ಕೇಳುವವರಿದ್ದರೆ ವಿದ್ಯೆಯು ಹತ್ತುವುದೆಂಬುದೂ ಈ ಉಪನ್ಯಾಸದಲ್ಲಿ ವಿಚಾರಿಸತಕ್ಕ ವಿಷಯಗಳು.

“ವಿದ್ಯೆ ಹತ್ತಲಿಲ್ಲ” ಎಂಬ ಒಂದೇ ಮಾತಿನೊಳಗೆ ಹಲವು ಬಗೆಯ ಮಕ್ಕಳು ಅಡಗಿದ್ದಾರೆ. ಒಬ್ಬನಿಗೆ ಅಕ್ಷರಮಾಲೆಯ ಅರ್ಧದ ಪರಿಚಯವೇ ಆಗಿಲ್ಲ. ಒಂದನೆಯ ತರಗತಿಯಲ್ಲಿ ಜ್ವರ ಬಂದು ಒಂದೂವರೆ ತಿಂಗಳು ಶಾಲೆ ತಪ್ಪಿತು, ಅಷ್ಟರಲ್ಲಿ ತರಗತಿಯು ಅವನನ್ನು ಬಿಟ್ಟು ಮುಂದೆ ಹೋಯಿತು. ಮತ್ತೊಬ್ಬಳಿಗೆ ಮೂಲಾಕ್ಷರವೂ ಕಾಗುಣಿತವೂ ಬರುತ್ತವೆ. ಒತ್ತಕ್ಷರ ಬಂದೆಡೆಯಲ್ಲಿ ಎಡವುತ್ತಾಳೆ. ಮೂರನೆಯವನು ಅಕ್ಷರ ಅಕ್ಷರವನ್ನೇ ಹಿಡಿದು ಸಾಲನ್ನು ಮುಗಿಸುತ್ತಾನೆ. ಮುಗಿಯುವ ಹೊತ್ತಿಗೆ ಸಾಲಿನ ಮೊದಲು ಏನಿತ್ತೆಂಬುದು ಮರೆತಿರುತ್ತದೆ. ಇನ್ನೊಂದು ಬಗೆಯವರು ಎಲ್ಲರಿಗಿಂತ ಜಾಣರಂತೆ ಕಾಣುತ್ತಾರೆ. ಪಾಠವನ್ನು ಕೇಳಿ ಕೇಳಿ ಬಾಯಿಪಾಠ ಮಾಡಿ, ಪುಸ್ತಕ ತೆರೆದೊಡನೆ ಗಟಗಟನೆ ಒಪ್ಪಿಸಿಬಿಡುತ್ತಾರೆ. ಮಠದಲ್ಲಿ ವಚನಗಳನ್ನು ಇಂಪಾಗಿ ಹೇಳುವ ಮಕ್ಕಳಲ್ಲಿಯೂ ಇಂಥವರುಂಟು. ಅದೇ ವಚನವನ್ನು ಅಚ್ಚಿನಲ್ಲಿ ತೋರಿಸಿ, ನಡುವಣ ಒಂದು ಪದದ ಮೇಲೆ ಬೆರಳಿಟ್ಟು “ಇದೇನು?” ಎಂದು ಕೇಳಿದರೆ, ಮಗುವು ಮೊದಲಿನಿಂದ ಮನಸ್ಸಿನಲ್ಲಿಯೇ ಪಠಿಸಿಕೊಂಡು ಬಂದು, ಲೆಕ್ಕಹಾಕಿ ಆ ಪದವನ್ನು ಹೇಳುತ್ತದೆ. ಆ ಜಾಣತನವನ್ನು ಮೆಚ್ಚಬೇಕಾದುದೇ. ಆದರೆ ಅದು ಓದಲ್ಲ. ಈ ನಾಲ್ವರಿಗೆ ನಾಲ್ಕು ಬಗೆಯ ಮದ್ದು ಬೇಕು. ದೊಡ್ಡ ತರಗತಿಯಲ್ಲಿ ಎಲ್ಲರಿಗೂ ಒಂದೇ ಕಷಾಯ.

ಕನ್ನಡದ ಲಿಪಿಯು ಬರೆದಂತೆ ಓದುವ ಲಿಪಿ, ಆದುದರಿಂದ ಸುಲಭವೆಂದು ಪಂಡಿತರು ಹೆಮ್ಮೆಯಿಂದ ಹೇಳುವರು. ಓದಬಲ್ಲವನಿಗೆ ಅದು ನಿಜ. ಕಲಿಯುವ ಮಗುವಿನ ಕಡೆಯಿಂದ ನೋಡಿದರೆ ಬೇರೆಯಾಗಿ ಕಾಣುತ್ತದೆ. ಅಕ್ಷರಗಳು 49, ಅವುಗಳಲ್ಲಿ ವ್ಯಂಜನಗಳು 34, ಸ್ವರಗಳು 13. ಅನುಸ್ವಾರ ವಿಸರ್ಗಗಳನ್ನು ಬಿಟ್ಟರೂ ಕಾಗುಣಿತದ ರೂಪಗಳು 442 ಆಗುತ್ತವೆ. ಅದರ ಮೇಲೆ ಒತ್ತುಗಳು. ಕೆಲವು ಒತ್ತುಗಳು ಮೂಲಾಕ್ಷರವನ್ನು ಹೋಲುತ್ತವೆ, ಕೆಲವು ಹೋಲುವುದೇ ಇಲ್ಲ. ಅರ್ಕಾವೊತ್ತಂತೂ ಬರೆಯುವಾಗ ಹಿಂದೆ, ಉಚ್ಚರಿಸುವಾಗ ಮುಂದೆ. “ಕರ್ನಾಟಕ” ಎಂಬ ನಾಡಿನ ಹೆಸರಿನಲ್ಲಿಯೇ ಮಗುವಿಗೆ ಈ ತೊಡಕು ಎದುರಾಗುತ್ತದೆ.

ಈ ಎರಡು ಊರುಗಳ ಹೆಸರುಗಳನ್ನೇ ನೋಡಬಹುದು. “ಶಿವಮೊಗ್ಗ” ಎಂಬಲ್ಲಿ ನಾಲ್ಕು ಅಕ್ಷರಗಳಿವೆ. ಅ ಆ ಇ ಈ ಮೊದಲ್ಗೊಂಡು ಳಕಾರದವರೆಗೆ ತಿದ್ದಿ ಮುಗಿಸಿದ ಮಗುವಿಗೆ ಅವುಗಳಲ್ಲಿ ನೇರವಾಗಿ ಗುರುತು ಸಿಗುವುದು ವಕಾರವೊಂದೇ. ಶಕಾರಕ್ಕೆ ಗುಡಿಸು ಸೇರಿದೆ, ಮಕಾರವು ಒತ್ವ ಪಡೆದಿದೆ, ಗಕಾರಕ್ಕೆ ಒತ್ತು ಬಿದ್ದಿದೆ. “ಭದ್ರಾವತಿ” ಎಂಬಲ್ಲಿ ಭ ಮತ್ತು ವ ಎರಡು ಸಿಗುತ್ತವೆ. ಆದರೆ ಆ ಭಕಾರವನ್ನು ಮನೆಯಲ್ಲಿ ಮಹಾಪ್ರಾಣವಾಗಿ ನುಡಿಯುವವರು ಕಡಮೆ, ಮಗುವು ಕೇಳಿ ಬಲ್ಲದ್ದು “ಬದ್ರಾವತಿ”ಯನ್ನೇ. ಹೀಗಾಗಿ ಅಕ್ಷರಮಾಲೆ ಮುಗಿಯಿತೆಂದು ಸಿಹಿ ಹಂಚಿದ ಮನೆಯ ಮಗುವು ತನ್ನ ಊರಿನ ಬಸ್ಸಿನ ಫಲಕವನ್ನು ಓದಲಾರದು. ಅಲ್ಲಿಗೆ ಓದಿನ ಹೊಸ್ತಿಲನ್ನು ಮುಟ್ಟಿದಂತಾಯಿತಷ್ಟೆ. ಬೆಂಗಳೂರಿನಲ್ಲಿ ಕನ್ನಡ ಮಕ್ಕಳ ಓದನ್ನು ಕುರಿತು ಸಂಶೋಧನೆ ಮಾಡಿದ ಸೋನಾಲಿ ನಾಗ್ ಅವರು 2007ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ, ಇಂಗ್ಲಿಷಿನಂಥ ಭಾಷೆಗಳ ಮಕ್ಕಳು ಅಕ್ಷರಗಳನ್ನು ಮೊದಲ ಒಂದೆರಡು ವರ್ಷಗಳಲ್ಲಿ ಕಲಿತು ಮುಗಿಸುವರಾದರೆ, ಕನ್ನಡದ ಅಕ್ಷರಗಳ ಕಲಿಕೆಯು ನಾಲ್ಕನೆಯ ತರಗತಿಯವರೆಗೂ ನಡೆದೇ ಇರುವುದೆಂದು ತೋರಿಸಿದ್ದಾರೆ. ಹಾಗಿರಲು ಎಂಟು ವರ್ಷದ ಹುಡುಗನು ದಾರಿಯ ನಡುವೆ ಇರುವವನು. ದಾರಿಯ ನಡುವೆ ಇರುವವನನ್ನು ಊರು ಸೇರಲಿಲ್ಲವೆಂದು ದೂರುವುದು ನ್ಯಾಯವೆ?

ಇನ್ನು ಶಾಲೆಯ ವೇಳೆಯ ಲೆಕ್ಕ. ಮೂವತ್ತು ಮಕ್ಕಳಿರುವ ತರಗತಿಯಲ್ಲಿ ಓದಿಸುವುದಕ್ಕೆ ನಲವತ್ತು ನಿಮಿಷಗಳ ಅವಧಿಯಿದೆಯೆಂದು ಇಟ್ಟುಕೊಳ್ಳೋಣ. ಉಪಾಧ್ಯಾಯರು ಹಾಜರಿಯನ್ನೂ ಹಿಡಿಯದೆ, ಯಾರನ್ನೂ ಗದರದೆ, ಒಬ್ಬೊಬ್ಬರನ್ನೇ ಓದಿಸಿದರೂ ಮಗುವೊಂದಕ್ಕೆ ಎಂಬತ್ತು ಸೆಕೆಂಡು ಸಿಕ್ಕೀತು. ತಡವರಿಸುವ ಮಗುವಿಗೆ ಒಂದು ಸಾಲೂ ಮುಗಿಯದು. ಆದುದರಿಂದಲೇ ಸಾಮೂಹಿಕ ಪಠನವು ಬೆಳೆದು ಬಂದಿದೆ: ಒಬ್ಬರು ಹೇಳುವುದು, ಎಲ್ಲರೂ ಕೂಗುವುದು. ಆ ಕೂಗಿನೊಳಗೆ ಓದಲಾರದ ಮಗುವು ಸುಖವಾಗಿ ಮರೆಯಾಗುತ್ತದೆ. ಇದು ಉಪಾಧ್ಯಾಯರ ತಪ್ಪೆಂದು ಹೇಳಲಾಗದು, ಗಣಿತದ ತಪ್ಪು.

ಅದೇ ಮಕ್ಕಳಲ್ಲಿ ಒಂದೇ ಮೆಟ್ಟಿಲಲ್ಲಿರುವ ಐವರನ್ನು ಆರಿಸಿ, ಚಾಪೆಯ ಮೇಲೆ ಅರ್ಧ ಗಂಟೆ ಕುಳ್ಳಿರಿಸಿದರೆ ಮಗುವೊಂದಕ್ಕೆ ಆರು ನಿಮಿಷ ದೊರೆಯುತ್ತದೆ. ಉಳಿದ ಹೊತ್ತಿನಲ್ಲಿ ಅದು ಸುಮ್ಮನಿರುವುದಿಲ್ಲ. ಪಕ್ಕದವಳು ಓದುತ್ತಿರುವ ಸಾಲಿನ ಮೇಲೆ ತಾನೂ ಬೆರಳನ್ನು ನಡೆಸುತ್ತಿರುತ್ತದೆ, ಅವಳು ತಡೆದಲ್ಲಿ ತನ್ನ ತುಟಿಯೂ ಅಲುಗುತ್ತದೆ. ಓದಿಸುವವರ ಮುಖ್ಯ ಕೆಲಸವು ಕೇಳುವುದು. ಮಗುವು ನಿಂತಲ್ಲಿ ಕೂಡಲೇ ಪದವನ್ನು ಹೇಳಿಕೊಡಬಾರದು. ಮನಸ್ಸಿನಲ್ಲಿ ಐದು ಎಣಿಸುವಷ್ಟು ಹೊತ್ತು ತಾಳಬೇಕು. ಆಗಲೂ ಬಾರದಿದ್ದರೆ ಪದವನ್ನು ಒಡೆದು ತೋರಿಸಬೇಕು: ಒತ್ತನ್ನು ಬೆರಳಿನಿಂದ ಮುಚ್ಚಿ ಮೇಲಿನ ಅಕ್ಷರವನ್ನು ಮೊದಲು ಓದಿಸಿ, ಆಮೇಲೆ ಬೆರಳನ್ನು ತೆಗೆಯಬೇಕು. ಸಾಲು ಮುಗಿದ ಮೇಲೆ “ಯಾರು ಬಂದರು? ಏನು ತಂದರು?” ಎಂದು ಕೇಳಬೇಕು. ಉತ್ತರವು ಪುಸ್ತಕದ ಮಾತಿನಲ್ಲಿಯೇ ಬರಬೇಕೆಂಬ ಹಟ ಬೇಡ. ಪುಸ್ತಕದಲ್ಲಿ “ಹೋಗುತ್ತೇನೆ” ಎಂದಿದ್ದುದನ್ನು ಮಗುವು “ಹೋಗ್ತೀನಿ” ಎಂದು ಓದಿದರೆ ಅದು ತಪ್ಪೆಂದು ಗದರಬೇಕಾದುದಿಲ್ಲ. ಅರ್ಥವಾದುದಕ್ಕೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಬೇರೆ ಯಾವುದು?

ಮಠದ ಪಾಠಶಾಲೆಗಳಲ್ಲಿ ಬೆಳೆದವರಿಗೆ ಇಲ್ಲಿ ಒಂದು ಸಂದೇಹ ಬರುವುದು ಸಹಜ. ಗುರುವು ಒಮ್ಮೆ ಹೇಳಿ ಶಿಷ್ಯರು ಎರಡು ಬಾರಿ ಹೇಳುವ ಸಂಥೆಯ ಕ್ರಮದಿಂದಲೇ ಅಲ್ಲವೆ ಶಾಸ್ತ್ರಗಳು ಉಳಿದುಬಂದುದು? ಉಳಿದುಬಂದುದು ನಿಜ. ಆದರೆ ಸಂಥೆಯು ಕಿವಿಯಿಂದ ನಾಲಗೆಗೆ ಹೋಗುವ ದಾರಿ. ಓದೆಂಬುದು ಕಣ್ಣಿನಿಂದ ಹೊರಟು ನಾಲಗೆಯನ್ನು ಹಾದು ಮನಸ್ಸನ್ನು ಸೇರುವ ದಾರಿ. ಒಂದರ ಅಭ್ಯಾಸದಿಂದ ಇನ್ನೊಂದು ತಾನಾಗಿ ಬರುವುದಿಲ್ಲ. ಮಂತ್ರಕ್ಕೆ ಸಂಥೆಯೇ ಇರಲಿ; ಬಾಲಪಾಠಕ್ಕೆ ಬೇರೆ ಕ್ರಮ ಬೇಕು.

ಆ ಬೇರೆ ಕ್ರಮವೂ ಈ ನಾಡಿಗೆ ಹೊಸದಲ್ಲ. ಮದರಾಸಿನ ಗವರ್ನರಾಗಿದ್ದ ಥಾಮಸ್ ಮನ್ರೋ 1822ರಲ್ಲಿ ತನ್ನ ಪ್ರಾಂತದ ದೇಶೀಯ ಶಾಲೆಗಳ ವಿವರವನ್ನು ಕಲೆಕ್ಟರುಗಳಿಂದ ಕೇಳಿದನು. ಬಳ್ಳಾರಿಯ ಕಲೆಕ್ಟರನಾಗಿದ್ದ ಕ್ಯಾಂಪ್‌ಬೆಲ್ 1823ರ ಆಗಸ್ಟ್ 17ರಂದು ಕಳುಹಿಸಿದ ವರದಿಯು ಇಂದಿಗೂ ಓದತಕ್ಕದ್ದಾಗಿದೆ. ಆ ಜಿಲ್ಲೆಯಲ್ಲಿ ಆಗ 533 ಶಾಲೆಗಳು, 6,641 ವಿದ್ಯಾರ್ಥಿಗಳು. ಎಂದರೆ ಶಾಲೆಯೊಂದಕ್ಕೆ ಸುಮಾರು ಹನ್ನೆರಡು ಮಂದಿ. ಆ ಹನ್ನೆರಡು ಮಂದಿಯನ್ನೂ ಅಯ್ಯನವರು ಒಟ್ಟಿಗೆ ಕೂಗಿಸುತ್ತಿರಲಿಲ್ಲ. ಸಾಮಾನ್ಯವಾಗಿ ನಾಲ್ಕು ಗುಂಪು ಮಾಡಿ, ಕೆಳಗಿನ ಗುಂಪುಗಳನ್ನು ಮುಂದುವರಿದ ಹುಡುಗರಿಗೆ ಒಪ್ಪಿಸಿ, ಮೇಲಿನವರನ್ನು ತಾವೇ ನೋಡಿಕೊಳ್ಳುತ್ತ, ಇಡಿಯ ಶಾಲೆಯ ಮೇಲೆ ಕಣ್ಣಿಟ್ಟಿರುತ್ತಿದ್ದರು. ಹಿರಿಯ ಹುಡುಗರು ಕಿರಿಯರಿಗೆ ಹೇಳಿಕೊಡುತ್ತ ತಮ್ಮ ವಿದ್ಯೆಯನ್ನೂ ಗಟ್ಟಿಮಾಡಿಕೊಳ್ಳುವರೆಂದು ಕ್ಯಾಂಪ್‌ಬೆಲ್ ಮೆಚ್ಚಿ ಬರೆದನು. ಬೆಳಗ್ಗೆ ಮೊದಲು ಬಂದವನ ಅಂಗೈಯ ಮೇಲೆ ಸರಸ್ವತಿಯ ಹೆಸರನ್ನೂ, ಎರಡನೆಯವನ ಅಂಗೈಯ ಮೇಲೆ ಸೊನ್ನೆಯನ್ನೂ ಬರೆಯುತ್ತಿದ್ದರೆಂದೂ, ಆಮೇಲೆ ಬಂದವರಿಗೆ ಬಂದ ಕ್ರಮದಲ್ಲಿ ಒಂದು ಎರಡು ಎಂದು ಏಟು ಹೆಚ್ಚುತ್ತಿತ್ತೆಂದೂ ಆ ವರದಿಯಲ್ಲಿದೆ. ಸರಸ್ವತಿಯ ಹೆಸರು ಉಳಿದು ಏಟು ಬಿಟ್ಟುಹೋಗಿದ್ದರೆ ಚೆನ್ನಾಗಿತ್ತು; ಅನೇಕ ಮನೆಗಳಲ್ಲಿ ಆದುದು ಅದರ ತಿರುಗುಮುರುಗು.

ಲಿಂಗಧಾರಿಗಳ ಮಕ್ಕಳು ಅಲ್ಲಿ ಓದುತ್ತಿದ್ದ ಗ್ರಂಥಗಳನ್ನೂ ಆತನು ಹೆಸರಿಸಿದ್ದಾನೆ: ಬಸವಪುರಾಣ, ಗಿರಿಜಾಕಲ್ಯಾಣ, ಅನುಭವಾಮೃತ, ಚೆನ್ನಬಸವಪುರಾಣ ಮುಂತಾದವು. ಇದನ್ನು ಕೇಳಿ ಭಕ್ತರಿಗೆ ಹಿಗ್ಗಾಗುವುದು ಸಹಜ. ಆದರೆ ಮುಂದಿನ ಮಾತನ್ನೂ ಕೇಳಬೇಕು. ಗ್ರಂಥಗಳ ಭಾಷೆ ಬೇರೆ, ಮಕ್ಕಳ ಆಡುಮಾತು ಬೇರೆಯಾದುದರಿಂದ, ಹುಡುಗರು ಪದ್ಯಗಳನ್ನು ರಾಶಿ ರಾಶಿಯಾಗಿ ಒಪ್ಪಿಸಬಲ್ಲರಾದರೂ ಅವುಗಳ ಅರ್ಥವನ್ನು ಗಿಳಿಯು ತಿಳಿದಷ್ಟೇ ತಿಳಿದಿದ್ದರೆಂದು ಆತನು ಮರುಗಿದನು. ಒಂಬತ್ತು ಲಕ್ಷದ ಮೇಲೆ ಜನರಿದ್ದ ಜಿಲ್ಲೆಯಲ್ಲಿ ಸಾವಿರಕ್ಕೆ ಸುಮಾರು ಏಳು ಮಂದಿ ಮಾತ್ರ ಶಾಲೆಯಲ್ಲಿದ್ದರು. ಹಿಂದಿನವರ ಕ್ರಮವು ಒಳ್ಳೆಯದಾಗಿತ್ತು, ಅದರ ಫಲವು ಕೆಲವರಿಗೆ ಮಾತ್ರ ಸಂದಿತು, ಸಂದವರಿಗೂ ಅರ್ಧ ಸಂದಿತು. ಹಳೆಯದನ್ನು ಹೊಗಳುವಾಗ ಇಷ್ಟನ್ನು ಮುಚ್ಚಿಡುವುದು ಸಲ್ಲದು.

ಈ ಕ್ರಮವು ಸಮುದ್ರವನ್ನು ದಾಟಿದ ಕಥೆಯೂ ಉಂಟು. ಮದರಾಸಿನ ಎಗ್ಮೂರಿನಲ್ಲಿ ಅನಾಥ ಬಾಲಕರ ಶಾಲೆಯನ್ನು ನೋಡಿಕೊಳ್ಳುತ್ತಿದ್ದ ಆಂಡ್ರೂ ಬೆಲ್ ಎಂಬ ಪಾದ್ರಿಯು ಇಲ್ಲಿನ ಮಕ್ಕಳು ಮರಳಿನಲ್ಲಿ ಅಕ್ಷರ ತಿದ್ದುವುದನ್ನು ಕಂಡು ತನ್ನ ಶಾಲೆಯಲ್ಲಿಯೂ ಅದನ್ನು ತಂದನು. ಹುಡುಗರಿಂದಲೇ ಹುಡುಗರಿಗೆ ಪಾಠ ಹೇಳಿಸಿದನು. 1797ರಲ್ಲಿ ಲಂಡನ್ನಿನಲ್ಲಿ ಅದನ್ನು ಕುರಿತು ಪುಸ್ತಕವನ್ನು ಪ್ರಕಟಿಸಿದನು. ಇಂಗ್ಲೆಂಡಿನಲ್ಲಿ ಲ್ಯಾಂಕಾಸ್ಟರ್ ಎಂಬವನೂ ಇಂಥದೇ ಕ್ರಮವನ್ನು ಹಬ್ಬಿಸಿದನು. ಆದರೆ ಅಲ್ಲಿ ಆದುದೇನು? ಒಂದೇ ದೊಡ್ಡ ಕೊಠಡಿಯಲ್ಲಿ ನೂರಾರು ಮಕ್ಕಳು, ಒಬ್ಬನೇ ಉಪಾಧ್ಯಾಯ, ನಡುವೆ ದಂಡಿನ ಶಿಸ್ತಿನ ಹುಡುಗರು. ಖರ್ಚಿನ ಉಳಿತಾಯವನ್ನು ಕಲಿತರು, ಹನ್ನೆರಡೆಂಬ ಅಂಕೆಯನ್ನು ಮರೆತರು.

ನಮ್ಮ ಕಾಲಕ್ಕೆ ಹತ್ತಿರ ಬಂದರೆ, 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ ಮೊದಲಾದ ನಲಿ-ಕಲಿ ಎಂಬ ಪದ್ಧತಿಯು ಸ್ಮರಣೀಯವಾದುದು. ಆಂಧ್ರದ ರಿಷಿವ್ಯಾಲಿಯ ಗ್ರಾಮಶಾಲೆಗಳನ್ನು ನೋಡಿಬಂದ ಸರ್ಕಾರಿ ಶಾಲೆಯ ಉಪಾಧ್ಯಾಯರೇ ಅದನ್ನು ಕಟ್ಟಿದರು, ಯುನಿಸೆಫ್ ನೆರವಾಯಿತು, 2009-10ರ ಹೊತ್ತಿಗೆ ಸರ್ಕಾರವು ಅದನ್ನು ರಾಜ್ಯದ ಕನ್ನಡ ಶಾಲೆಗಳಿಗೆಲ್ಲ ಹರಡಿತು. ಅದರಲ್ಲಿ ಮಕ್ಕಳು ಐದು ತಟ್ಟೆಗಳೆಂಬ ಗುಂಪುಗಳಾಗಿ ಕುಳಿತುಕೊಳ್ಳುವರು. ಮೊದಲನೆಯ ಗುಂಪಿಗೆ ಉಪಾಧ್ಯಾಯರ ಪೂರ್ಣ ನೆರವು, ಎರಡನೆಯದಕ್ಕೆ ಸ್ವಲ್ಪ ನೆರವು, ಮುಂದಿನ ಎರಡಕ್ಕೆ ಜೊತೆಯವರ ನೆರವು, ಕೊನೆಯದು ತಾನೇ ಕಲಿಯತಕ್ಕದ್ದು. ಒಂದು ಮೈಲಿಗಲ್ಲನ್ನು ದಾಟಿದ ಮಗುವು ಇತರರಿಗಾಗಿ ಕಾಯದೆ ಮುಂದಿನದಕ್ಕೆ ಹೋಗುವುದು. ಜ್ವರ ಬಂದು ಶಾಲೆ ತಪ್ಪಿದ ಮಗುವು ತಾನು ಬಿಟ್ಟ ಮೆಟ್ಟಿಲಿನಿಂದಲೇ ಮತ್ತೆ ಏರುವುದು.

ಹಿರಿಯರು ಈ ಪದ್ಧತಿಯನ್ನು ಕಂಡು ಹುಬ್ಬೇರಿಸಿದುದುಂಟು. ಅ ಆ ಇ ಈ ಎಂಬ ಅನಾದಿ ಕ್ರಮವನ್ನು ಬಿಟ್ಟು ರ ಗ ಸ ದ ಅ ಎಂದು ಮೊದಲುಮಾಡುವುದು ಯಾವ ಶಾಸ್ತ್ರ? ಓನಾಮದಿಂದ ತಿದ್ದಲು ತೊಡಗಿದ ಹಿರಿಯರಿಗೆ ಅದು ಅಪಚಾರದಂತೆ ತೋರಿತು. ಆದರೆ ಆ ಐದು ಅಕ್ಷರಗಳಿಂದ ಆಗುವ ಪದಗಳನ್ನು ನೋಡಬೇಕು: ಸರ, ರಸ, ಅರಸ, ಅಗಸ, ಗರಗಸ, ದಸರ. ಗದಗವೆಂಬ ಊರೂ ಅದರೊಳಗೇ ಇದೆ. ಐದು ಅಕ್ಷರಗಳನ್ನು ಕಲಿತ ವಾರದಲ್ಲಿಯೇ ಮಗುವು ಒಂದು ಊರಿನ ಹೆಸರನ್ನು ಓದಿಬಿಡುತ್ತದೆ. ಅ ಆ ಇ ಈ ಉ ಎಂಬ ಐದನ್ನು ಕಲಿತ ಮಗುವಿಗೆ ಓದಲು ಏನೂ ಸಿಗುವುದಿಲ್ಲ. ವರ್ಣಮಾಲೆಯ ಕ್ರಮವು ಉಚ್ಚಾರಣಸ್ಥಾನವನ್ನು ಅನುಸರಿಸಿ ವೈಯಾಕರಣರು ಮಾಡಿದ ಅದ್ಭುತವಾದ ಏರ್ಪಾಡು. ಅದನ್ನು ಮಗುವು ಕಲಿಯಲೇಬೇಕು, ಸ್ವಲ್ಪ ತಡವಾಗಿ ಕಲಿತರೆ ಪಾಣಿನಿಯು ಕೋಪಿಸಿಕೊಳ್ಳುವುದಿಲ್ಲ.

ಈ ಪದ್ಧತಿಗೂ ಒಂದು ಮಿತಿಯುಂಟು. ಮೂರು ತರಗತಿಗಳ ಮಕ್ಕಳು ಒಬ್ಬರೇ ಉಪಾಧ್ಯಾಯರ ಕೈಯಲ್ಲಿದ್ದರೆ, ಮೊದಲನೆಯ ತಟ್ಟೆಯಲ್ಲಿ ಕುಳಿತವರಿಗೆ ಸಿಗಬೇಕಾದ ಪೂರ್ಣ ನೆರವು ಹೆಸರಿಗಷ್ಟೇ ಉಳಿಯುವುದು. ಪ್ರಥಮ್ ಸಂಸ್ಥೆಯ ಸಹಯೋಗದಿಂದ ನಡೆದ “ಓದು ಕರ್ನಾಟಕ” ಎಂಬ ಕಾರ್ಯಕ್ರಮವು 4 ಮತ್ತು 5ನೆಯ ತರಗತಿಗಳ ಮಕ್ಕಳನ್ನು ಓದಿನ ಮಟ್ಟವನ್ನು ನೋಡಿ ಗುಂಪು ಮಾಡಿದುದು ಆ ಕೊರತೆಯನ್ನು ತುಂಬುವುದಕ್ಕಾಗಿಯೇ.

ಅಷ್ಟರಲ್ಲಿ 2020ರ ಮಾರ್ಚಿಯಲ್ಲಿ ಕೊರೋನಾ ಮಾರಿಯಿಂದ ಶಾಲೆಗಳು ಮುಚ್ಚಿದವು. ಆ ವರ್ಷದ ಆಗಸ್ಟಿನಲ್ಲಿ ಸರ್ಕಾರವು “ವಿದ್ಯಾಗಮ”ವನ್ನು ತೊಡಗಿತು. ಉಪಾಧ್ಯಾಯರು ಮಕ್ಕಳಿದ್ದ ಕಡೆಗೇ ಹೋಗಿ ದೇವಾಲಯದ ಪಡಸಾಲೆಯಲ್ಲಿ, ಸಮುದಾಯ ಭವನದಲ್ಲಿ, ಮರದ ನೆರಳಿನಲ್ಲಿ ಗುಂಪುಗಳನ್ನು ಕೂಡಿಸಿ ಪಾಠ ಹೇಳಿದರು. ಗುಂಪುಗಳು ಇಲ್ಲಿ ಹೇಳಿದಷ್ಟು ಚಿಕ್ಕವಾಗಿರಲಿಲ್ಲ. ಆದರೂ ಊರಿನ ಪಡಸಾಲೆಯು ಪಾಠಶಾಲೆಯಾಗಬಲ್ಲುದೆಂಬುದನ್ನು ಇಡಿಯ ನಾಡು ಕಣ್ಣಾರೆ ಕಂಡಿತು. ಸೋಂಕು ಹರಡುವ ಭಯದಿಂದ ಅಕ್ಟೋಬರಿನಲ್ಲಿ ಅದನ್ನು ನಿಲ್ಲಿಸಬೇಕಾಯಿತು. ಒಂದರಿಂದ ಐದನೆಯ ತರಗತಿಯ ಮಕ್ಕಳಿಗೆ ಶಾಲೆಯ ಬಾಗಿಲು ತೆರೆದುದು 2021ರ ಅಕ್ಟೋಬರ್ 25ರಂದು. ಗ್ರಾಮಾಂತರ ಮಕ್ಕಳ ಓದನ್ನು ಮನೆಮನೆಗೆ ಹೋಗಿ ಪರೀಕ್ಷಿಸುವ “ಅಸರ್” ವರದಿಯಂತೆ, ಕರ್ನಾಟಕದ ಐದನೆಯ ತರಗತಿಯ ಮಕ್ಕಳಲ್ಲಿ ಎರಡನೆಯ ತರಗತಿಯ ಪಾಠವನ್ನು ಓದಬಲ್ಲವರು 2018ರಲ್ಲಿ ನೂರಕ್ಕೆ ಸುಮಾರು 46 ಇದ್ದುದು 2022ರಲ್ಲಿ ಸುಮಾರು 30ಕ್ಕೆ ಇಳಿದಿತ್ತು. ನೂರರಲ್ಲಿ ಎಪ್ಪತ್ತು ಮಕ್ಕಳಿಗೆ ವಿದ್ಯೆ ಹತ್ತಲಿಲ್ಲವೆನ್ನಲು ಯಾರಿಗೆ ಬಾಯಿ ಬಂದೀತು?

ಭದ್ರಾವತಿಯ ವಿಷಯವನ್ನು ಬೇರೆಯಾಗಿ ಹೇಳಬೇಕು. ಬೆಂಕಿಪುರವೆಂದು ಹಿಂದೆ ಹೆಸರಿದ್ದ ಆ ಊರಿನಲ್ಲಿ 1923ರಲ್ಲಿ ಕಬ್ಬಿಣದ ಕಾರ್ಖಾನೆಯ ಕುಲುಮೆ ಹೊತ್ತಿತು. 1936ರಲ್ಲಿ ಕಾಗದದ ಕಾರ್ಖಾನೆಯು ಸ್ಥಾಪಿತವಾಯಿತು. ಕೆಲಸವನ್ನು ಅರಸಿ ತಮಿಳರು, ತೆಲುಗರು, ಮಲೆಯಾಳಿಗಳು ಬಂದು ನೆಲೆಸಿದರು. ಉರ್ದು ಮಾತನಾಡುವವರೂ ಲಂಬಾಣಿಗಳೂ ಸೇರಿದರು. ನಾಡಿಗೆಲ್ಲ ಬರೆಯುವ ಕಾಗದವನ್ನು ಒದಗಿಸಿದ ಆ ಕಾರ್ಖಾನೆಯು ಕಳೆದ ದಶಕದ ನಡುವೆ ನಿಂತುಹೋಯಿತು. ದುಡಿದವರ ಮೊಮ್ಮಕ್ಕಳು ಇಂದು ಅಲ್ಲಿನ ಕನ್ನಡ ಶಾಲೆಗಳಲ್ಲಿ ಕುಳಿತಿದ್ದಾರೆ. ಅವರಲ್ಲಿ ಅನೇಕರಿಗೆ ಕನ್ನಡವು ಬೀದಿಯ ಭಾಷೆ, ಮನೆಯ ಭಾಷೆ ಬೇರೆ. ಅಲ್ಪಪ್ರಾಣ ಮಹಾಪ್ರಾಣಗಳ ಭೇದವಿಲ್ಲದ ತಮಿಳಿನ ಮನೆಯಿಂದ ಬಂದ ಮಗುವು ಭಕಾರವನ್ನು ಬೇರೆಯಾಗಿ ಕೇಳುವುದನ್ನೇ ಮೊದಲು ಕಲಿಯಬೇಕು. ಇಂಥ ಮಗುವಿಗೆ ಪುಸ್ತಕ ತೆರೆಯುವ ಮುನ್ನ ಮಾತು ಬೇಕು. ಚಿತ್ರವನ್ನು ತೋರಿಸಿ, ಅದು ತನ್ನ ಮನೆಯ ಮಾತಿನಲ್ಲಿ ಅದನ್ನು ಏನೆನ್ನುವುದೋ ಹೇಳಲು ಬಿಟ್ಟು, ಅದೇ ವಸ್ತುವಿಗೆ ಕನ್ನಡದ ಹೆಸರನ್ನು ಸೇರಿಸಿ, ಆಮೇಲೆ ಅಕ್ಷರಕ್ಕೆ ಹೋಗಬೇಕು. ದೊಡ್ಡ ತರಗತಿಯಲ್ಲಿ ಮನೆಮಾತನ್ನು ಆಡಿದರೆ ನಗುವರೆಂದು ಆ ಮಗು ಬಾಯಿ ತೆರೆಯುವುದೇ ಇಲ್ಲ. ಐವರ ನಡುವೆ ತೆರೆಯುತ್ತದೆ.

ಹೀಗಿರಲು ಭಕ್ತರು ಮಾಡಬಹುದಾದುದೇನು? ಕಟ್ಟಡ ಕಟ್ಟಬೇಕಾದುದಿಲ್ಲ. ಮಠಗಳಲ್ಲಿ ಪಡಸಾಲೆಯಿದೆ, ಚಾಪೆಯಿದೆ, ಪ್ರಸಾದನಿಲಯಗಳಲ್ಲಿ ಹೈಸ್ಕೂಲು ಕಾಲೇಜುಗಳ ವಿದ್ಯಾರ್ಥಿಗಳಿದ್ದಾರೆ. ಬಳ್ಳಾರಿಯ ಅಯ್ಯನವರು ಹಿರಿಯ ಹುಡುಗರಿಂದ ಮಾಡಿಸಿದುದನ್ನು ಇವರಿಂದ ಮಾಡಿಸಬಹುದು. ಆದರೆ ಹದಿನೈದು ವರ್ಷದ ಹುಡುಗನಿಗೆ ತಾಳ್ಮೆಯನ್ನು ಮೊದಲು ಕಲಿಸಬೇಕು. ಮಗುವಿನ ಬಾಯಿಂದ ಪದ ಬರುವ ಮುನ್ನವೇ ತಾನು ಹೇಳಿ ಜಾಣನೆನಿಸಿಕೊಳ್ಳುವ ಚಪಲವು ಆ ವಯಸ್ಸಿನಲ್ಲಿ ಹೆಚ್ಚು. ಕೈಯೆತ್ತುವವನನ್ನು ಆ ದಿನವೇ ಬಿಡಿಸಿಬಿಡುವುದು ಕ್ಷೇಮ. ಶಾಲೆಯ ಉಪಾಧ್ಯಾಯರನ್ನು ಕೇಳದೆ ಏನನ್ನೂ ತೊಡಗಬಾರದು. ಯಾವ ಮಗುವು ಯಾವ ಮೆಟ್ಟಿಲಲ್ಲಿದೆಯೆಂಬುದನ್ನು ಬಲ್ಲವರು ಅವರು. ಜಾತಿ ಮತ ಭಾಷೆಗಳನ್ನು ನೋಡಿ ಗುಂಪು ಮಾಡುವುದಂತೂ ಸರ್ವಥಾ ಕೂಡದು. ದಾಸೋಹದ ಪಂಕ್ತಿಯಲ್ಲಿ ಯಾರನ್ನೂ ಕೇಳದಿರುವುದನ್ನು ಓದಿನ ಪಂಕ್ತಿಯಲ್ಲಿ ಕೇಳುವುದೆಂತು?

ಗುಂಪಿಗೆ ಹೆಸರಿಡುವಾಗ ಎಚ್ಚರವಿರಲಿ. “ಹಿಂದುಳಿದವರ ಗುಂಪು” ಎಂದೊಡನೆ ಮಗುವು ಅಲ್ಲಿಗೆ ಬರುವುದನ್ನು ಬಿಡುತ್ತದೆ, ಬಂದರೂ ತಲೆ ಎತ್ತುವುದಿಲ್ಲ. ಭದ್ರೆ, ತುಂಗೆ, ಶರಾವತಿ ಎಂದು ನದಿಗಳ ಹೆಸರಿಟ್ಟರೆ ಸಾಕು. ಹದಿನೈದು ದಿನಗಳಿಗೊಮ್ಮೆ ಪ್ರತಿಯೊಂದು ಮಗುವಿನ ಓದನ್ನು ಕೇಳಿ ಗುಂಪುಗಳನ್ನು ಕಲಕಬೇಕು. ಒಂದೇ ಗುಂಪಿನಲ್ಲಿ ವರ್ಷವೆಲ್ಲ ಕುಳಿತ ಮಗುವು ಅದನ್ನೇ ತನ್ನ ಹಣೆಬರಹವೆಂದು ತಿಳಿಯುವುದು. ಬಹುಮಾನದ ಸಮಾರಂಭಗಳು ಬೇಡ. ಓದಿಸುವ ವಿದ್ಯಾರ್ಥಿಯ ಕೈಯಲ್ಲಿ ಒಂದು ಪುಸ್ತಕವಿರಲಿ. ಅದರಲ್ಲಿ ಮಗುವಿನ ಹೆಸರು, ಅಂದು ಅದು ತಡವರಿಸಿದ ಎರಡು ಪದಗಳು, ಇಷ್ಟೇ ಬರೆದರಾಯಿತು. ಮಾರನೆಯ ದಿನದ ಪಾಠವು ಆ ಎರಡು ಪದಗಳಿಂದ ಮೊದಲಾಗಬೇಕು.

ವೇಳೆಯನ್ನು ಕುರಿತು ಒಂದು ಮಾತು ಉಳಿದಿದೆ. ಶಾಲೆ ಬಿಟ್ಟು ಬಂದ ಮಗುವಿಗೆ ಹಸಿವಾಗಿರುತ್ತದೆ. ಏನಾದರೂ ಕೊಟ್ಟು, ಅರ್ಧ ಗಂಟೆ ಆಡಲು ಬಿಟ್ಟು, ಆಮೇಲೆ ಕುಳ್ಳಿರಿಸಬೇಕು. ಹೆಣ್ಣುಮಕ್ಕಳು ಕತ್ತಲಾಗುವ ಮುನ್ನ ಮನೆ ಸೇರುವಂತಿರಬೇಕು. ಮಲೆನಾಡಿನ ಆಷಾಢದಲ್ಲಿ ಮಳೆಯಿಂದ ಬೇಗನೆ ಕತ್ತಲು ಕವಿಯುವುದರಿಂದ ಆ ತಿಂಗಳು ಗುಂಪುಗಳನ್ನು ಮಠದಲ್ಲಿ ಕೂಡಿಸದೆ ಕೇರಿಗಳಲ್ಲಿಯೇ, ಮಳೆ ತಾಕದ ಯಾರದಾದರೂ ಜಗಲಿಯ ಮೇಲೆ ಕೂಡಿಸುವುದು ಅನುಕೂಲ. ಜಗಲಿಯನ್ನು ಬಿಟ್ಟುಕೊಡಲು ಒಪ್ಪುವ ಮನೆಗಳವರು ತಮ್ಮ ಕೇರಿಯ ಹೆಸರನ್ನು ಶ್ರೀಮಠದ ಕಚೇರಿಯಲ್ಲಿ ಬರೆಯಿಸಿ ಹೋಗಬೇಕೆಂದು ಪ್ರಾರ್ಥನೆ.